ಮೂತಿಗಂಬದ ಬರಿಮೈ

ಸಾಗರಕೇತು ನೀರಿಗಿಳಿದ ದಿನ ಚಂತಬೂರಿಯ ನದಿದಂಡೆಯಲ್ಲಿ ಒಂಬತ್ತು ಮಂದಿ ಭಿಕ್ಷುಗಳು ಸಾಲಾಗಿ ಕುಳಿತು ಸೂತ್ರ ಹೇಳಿದರು. ಅವರ ಕೈಯಿಂದ ಕೈಗೆ ಹಾದ ಬಿಳಿ ನೂಲು ಹೋಗಿ ಹಡಗಿನ ಮೂತಿಯನ್ನು ಸುತ್ತಿಕೊಂಡಿತ್ತು. ಮೂರು ಪಟಗಂಬ, ಇಪ್ಪತ್ತು ತೋಪು, ಪರಂಗಿಯವರ ಹಡಗಿನ ಅಳತೆಯ ಉಬ್ಬಿದ ಹೊಟ್ಟೆ. ನಮ್ಮ ಅರಸರ ಪಡೆಯಲ್ಲಿ ಆಗ ಅಂಥ ಹಡಗುಗಳು ನಾಲ್ಕೋ ಐದೋ ಇದ್ದವು. ಇದನ್ನು ಕಟ್ಟಿದ ಹಿರಿಯ ಮೇಸ್ತ್ರಿ ನನ್ನ ಅಪ್ಪ ಫುವಾಂಗ್. ನಾನು ಖಾಮ್, ಅವನ ಕೈಕೆಳಗೆ ಉಳಿ ಹಿಡಿದು ಕಲಿತವನು. ಹಡಗು ಹೊರಟಾಗ ಅದರ ಬಡಗಿಯಾಗಿ ನಾನೂ ಹೊರಟೆ. ಅಪ್ಪ ದಡದಲ್ಲೇ ಉಳಿದ.

ನೀರಿಗಿಳಿಯುವ ಹಿಂದಿನ ವಾರ ನಡೆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಡಗಿನ ಮುಂತುದಿಯಲ್ಲಿ ನೀರು ಸೀಳುವ ಮೂತಿಯ ಕಂಬ ತಕಿಯನ್ ಮರದ್ದು. ಆ ಮರದಲ್ಲಿ ಹೆಣ್ಣುದೈವ ಇರುತ್ತಾಳೆ. ಕಡಿದು ಹಡಗಿಗೆ ಹಾಕಿದರೂ ಅವಳು ಮರ ಬಿಟ್ಟು ಹೋಗುವುದಿಲ್ಲ. ಮೇಯಾನಾಂಗ್ ಎನ್ನಿಸಿಕೊಂಡು, ಹಡಗಿನ ತಾಯಾಗಿ ಮೂತಿಯಲ್ಲೇ ನೆಲೆಸುತ್ತಾಳೆ. ಅವಳಿಗೆ ಹೂವು ಮುಡಿಸದೆ ನಮ್ಮಲ್ಲಿ ಒಂದು ದೋಣಿಯೂ ಹಗ್ಗ ಬಿಚ್ಚುವುದಿಲ್ಲ. ಅರಸರ ಅಪ್ಪಣೆಯೇನೋ ಸ್ಪಷ್ಟವಾಗಿತ್ತು: ನೀರಿನೊಳಗೆ ಮುಳುಗುವ ಮೈಗೆಲ್ಲ, ಬೆರಳಗಲವೂ ಬಿಡದೆ, ತಾಮ್ರದ ತಗಡು ಹೊಡೆಯಬೇಕು. ಎರಡು ತಿಂಗಳು ಹೊಡೆದೆವು. ಮೂತಿಗಂಬಕ್ಕೆ ಬಂದಾಗ ಅಪ್ಪನ ಸುತ್ತಿಗೆ ನಿಂತಿತು.

"ತಾಯಿ ಮೈಗೆ ಮೊಳೆ ಹೊಡೀಲಾ?" ಎಂದ. "ಹುಲಿ ಬಾಯಿಗೆ ಬೇಕಾದ್ರೆ ಕೈ ಹಾಕ್ತೀನಿ. ಇದು ನನ್ನ ಕೈಲಾಗಲ್ಲ ಕಣೋ."

"ಅಪ್ಪಣೆ ಇದೆಯಲ್ಲಪ್ಪ."

"ಅಪ್ಪಣೆ ಕೊಟ್ಟೋರು ಅರಮನೇಲಿದ್ದಾರೆ. ಅಲೆ ಮೇಲೆ ನಿನ್ನ ಕಾಯೋಳು ಇವಳು. ಚಾಪೆ ಕಟ್ಟು. ಯಾರಿಗೂ ಕಾಣಬಾರದು."

ಚಾಪೆಯ ಮರೆಯಲ್ಲಿ ಕಂಬದ ಮುಂಭಾಗವನ್ನು ಒಂದು ಗೇಣಗಲ ಬರಿದೇ ಬಿಟ್ಟೆವು. ಅದರ ಮೇಲೆ ಅರಗು ಸವರಿ, ಕೆಮ್ಮಣ್ಣು ಬಳಿದು, ತಾಮ್ರದ ಬಣ್ಣಕ್ಕೆ ತಂದೆವು. ಅಪ್ಪ ಒಂದೊಂದು ಮೊಳೆಯ ತಲೆಯನ್ನೂ ಕುಂಚದಲ್ಲಿ ಬರೆದ. ಅದನ್ನು ಮೋಸವೆಂದು ನಾವಿಬ್ಬರೂ ಅಂದು ಎಣಿಸಲಿಲ್ಲ. ಮುಗಿಸಿ, ಕೈಮುಗಿದು, ಹಣ್ಣು ಇಟ್ಟು ಎದ್ದೆವು.

ಮೊದಲ ಮೂರು ವರ್ಷ ಸಾಗರಕೇತುವಿಗೆ ನದಿಯ ಕೆಲಸವೇ ಹೆಚ್ಚು. ಬ್ಯಾಂಕಾಕಿನ ಕೆಳಗೆ ಕೋಟೆಯ ಮುಂದೆ ಲಂಗರು ಹಾಕಿಕೊಂಡು, ಹಬ್ಬಕ್ಕೆ ತೋಪು ಹಾರಿಸಿ, ಪರದೇಶದ ದೂತರಿಗೆ ಗಾಂಭೀರ್ಯ ತೋರಿಸಿ ನಿಂತಿತ್ತು. ಎರಡು ಸಲ ಕಡಲ್ಗಳ್ಳರ ಬೆನ್ನಟ್ಟಿ ದಕ್ಷಿಣಕ್ಕೆ ಹೋಗಿ ಬಂದೆವು. ನಾಲ್ಕನೆಯ ವರ್ಷ ಅನ್ನಾಮಿನವರೊಡನೆ ಯುದ್ಧ ಬಂತು. ಕಾಂಬೋಜದ ಕರಾವಳಿಯ ದ್ವೀಪಗಳ ನಡುವೆ, ಶತ್ರುವಿನ ದೋಣಿಗಳು ಹೊರಬರದಂತೆ, ಒಂಬತ್ತು ತಿಂಗಳು ಬೆಚ್ಚನೆಯ ಉಪ್ಪುನೀರಿನಲ್ಲಿ ಕಾದು ನಿಂತೆವು.

ಆರನೆಯ ತಿಂಗಳಲ್ಲಿ ತಳದಲ್ಲಿ ನೀರು ಏರತೊಡಗಿತು.

ಮರದ ಹಡಗು ಸ್ವಲ್ಪ ನೀರು ಕುಡಿಯುವುದು ಸಹಜ. ಅಳತೆಕೋಲಿಗೆ ನಾಲ್ಕು ಬೆರಳು ಬರುತ್ತಿದ್ದದ್ದು ಒಂದು ಗೇಣಾಯಿತು, ತಿಂಗಳೊಳಗೆ ಮೊಳವಾಯಿತು. ಹಲಗೆಗಳ ಸಂದು ತುಂಬುವ ಕೆಲಸ ಸಾಲೇಯದು. ಅವನು ಬ್ಯಾಂಕಾಕಿನ ಕಾಲುವೆ ಬದಿಯ ಚಾಮ್ ಜನರ ಕೇರಿಯವನು, ಅಲ್ಲಾಹನನ್ನು ನೆನೆಯುವ ಜನ. ನಾರು ತುರುಕಿ, ರಾಳ, ಸುಣ್ಣ, ಮರದೆಣ್ಣೆ ಕಲಸಿ ಮೆತ್ತುವುದರಲ್ಲಿ ಅವನ ಕೈಯನ್ನು ಮೀರಿದ ಕೈ ಪಡೆಯಲ್ಲಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವನು. ಅಣ್ಣ ಎಂದೇ ಕರೆಯುತ್ತಿದ್ದೆ. ಅವನ ಹೆಂಡತಿ ನೇಯ್ದ ಕೆಂಪು ರೇಷ್ಮೆಯನ್ನೇ ಪ್ರತಿ ವರ್ಷ ನಮ್ಮ ತಾಯಿಯ ಮೂತಿಗೆ ಕಟ್ಟುತ್ತಿದ್ದೆವು. ಅವನೇ ತಂದು ಕೊಡುತ್ತಿದ್ದ. ಕಟ್ಟುವಾಗ ಮಾತ್ರ ದೂರ ನಿಲ್ಲುತ್ತಿದ್ದ.

ಸಾಲೇ ಮೂರು ಸಲ ತಳವನ್ನೆಲ್ಲ ಹುಡುಕಿ ಸಂದು ತುಂಬಿದ. ನೀರು ನಿಲ್ಲಲಿಲ್ಲ.

"ತುಂಬಿದಷ್ಟೂ ನೀರು ಬರುತ್ತೆ ಅಂದ್ರೆ ಏನರ್ಥ?" ಎಂದು ಅಡುಗೆಯ ಪೆಂಗ್ ಮುದುಕ ಮೆಣಸಿನಕಾಯಿಗೆ ಒಣಸೀಗಡಿ ಹಾಕಿ ಕುಟ್ಟುತ್ತ ಕೇಳಿದ. "ಮದ್ದು ಹಾಕೋ ವೈದ್ಯನೇ ಗಾಯ ಕೆರೀತಿದ್ದಾನೆ ಅಂತ."

"ಸುಮ್ನಿರಜ್ಜ."

"ಯಾಕೆ ಸುಮ್ನಿರಲಿ? ನನ್ನ ಮಡಕೇಲಿ ಅವನು ಉಣ್ಣಲ್ಲ. ಮೂತಿ ಮುಂದೆ ಕೈ ಮುಗಿಯಲ್ಲ. ಅನ್ನಾಮ್ ಕಡೆ ಅವರ ಜನ ಊರುಗಟ್ಲೆ ಇದ್ದಾರೆ. ಒಬ್ಬನೇ ಲಾಂದ್ರ ಹಿಡ್ಕೊಂಡು ಹಡಗಿನ ಹೊಟ್ಟೇಲಿ ಏನು ಮಾಡ್ತಾನೆ, ನೋಡಿದ್ದೀಯಾ?"

"ಸಂದು ಹುಡುಕ್ತಾನೆ."

"ಹುಡುಕ್ತಾನೋ, ಮಾಡ್ತಾನೋ?"

ಆ ಒಂದು ಮಾತು ಹಡಗನ್ನೆಲ್ಲ ಸುತ್ತಿತು. ಸಾಲೇ ತಳಕ್ಕಿಳಿದರೆ ಮೇಲೆ ಮಾತು ನಿಲ್ಲುತ್ತಿತ್ತು. ಮೇಲೆ ಬಂದರೆ ಎಲ್ಲರೂ ಅವನ ಅಂಗೈ ನೋಡುತ್ತಿದ್ದರು. ತೋಪಿನವರು ಅವನ ಹತ್ತಿರ ಮಲಗುವುದನ್ನು ಬಿಟ್ಟರು. ಅವನು ತನ್ನ ಪುಟ್ಟ ಒಲೆಯಲ್ಲಿ ಒಣಮೀನು ಸುಡುವ ಹೊಗೆಯೂ ಯಾರಿಗೋ ಮಾಡುವ ಸನ್ನೆಯಂತೆ ಕಾಣತೊಡಗಿತು. ನಾನು ಯಾವಾಗ ಅಣ್ಣ ಎನ್ನುವುದನ್ನು ಬಿಟ್ಟೆನೋ ನನಗೇ ತಿಳಿಯದು. ಅವನಿಗೆ ಮಾತ್ರ ತಿಳಿದಿತ್ತು.

ಒಂದು ಬೆಳಿಗ್ಗೆ ಮೂತಿಯ ಕೆಳಗಿನ ಒಳಹಲಗೆಗಳನ್ನು ಕಿತ್ತೆ. ಕಂಬದ ಹಿಂದೆ ಒತ್ತುಕೊಟ್ಟ ಮೆತುಮರದಲ್ಲಿ, ನೀರು ಒಸರುವ ಕಡೆ, ಕಿರುಬೆರಳು ಹೋಗುವಷ್ಟು ದುಂಡನೆಯ ತೂತು. ನುಣುಪಾಗಿತ್ತು. ಒಳಗೋಡೆಗೆ ತೆಳ್ಳಗೆ ಬಿಳಿ ಸುಣ್ಣ ಅಂಟಿತ್ತು. ಉಗುರಿನಿಂದ ಕೆರೆದು ನೋಡಿದೆ. ಸುಣ್ಣವೇ. ಸಾಲೇಯೇ ಕೊರೆದು, ಕಾಣದಿರಲೆಂದು ಸುಣ್ಣ ಮೆತ್ತಿದ್ದಾನೆ ಎಂದುಕೊಂಡೆ. ಓಡಿ ಹೋಗಿ ಹಡಗಿನ ನಾಯಕರಿಗೆ ಹೇಳಿದೆ.

ನಾಯಕರು ಲುವಾಂಗ್ ರಿತ್, ನಲವತ್ತರ ಸಣಕಲು ಮನುಷ್ಯ. ಯಾರ ಮಾತನ್ನೂ ಮೊದಲ ಸಲಕ್ಕೆ ನಂಬುವವರಲ್ಲ. ತಾವೇ ಇಳಿದು ಬಂದು ನೋಡಿದರು.

"ಹುಳ ಇರಬಹುದಾ?" ಎಂದರು. ತಾವೇ ತಲೆಯಾಡಿಸಿದರು. "ತಾಮ್ರದ ಹಡಗಿಗೆ ಹುಳ ಎಲ್ಲಿಂದ ಬರಬೇಕು? ಪರಂಗಿಯವರು ಅದಕ್ಕೇ ತಾನೆ ತಗಡು ಹೊಡೆಯೋದು. ಸಾಲೇ ಪೆಟ್ಟಿಗೆ ತನ್ನಿ."

ಪೆಟ್ಟಿಗೆಯಲ್ಲಿ ಸುಣ್ಣದ ಡಬ್ಬಿಯಿತ್ತು, ಕೊಳೆತ ಸಂದು ಬಿಡಿಸುವ ಕೊಕ್ಕೆಗಳಿದ್ದವು, ಒಂದು ಬೈರಿಗೆಯಿತ್ತು. ನಾಯಕರು ಬೈರಿಗೆಯನ್ನು ತೂತಿಗೆ ಇಟ್ಟರು. ಅಳತೆ ತೆಗೆದು ಮಾಡಿದಂತೆ ಕುಳಿತಿತು.

"ನೀನು ಬಡಗಿ," ಎಂದು ನನ್ನ ಕಡೆ ತಿರುಗಿದರು. "ಇದು ಬೈರಿಗೆ ತೂತು ಹೌದೋ ಅಲ್ಲವೋ? ನಿನ್ನ ಮಾತಿನ ಮೇಲೆ ಒಬ್ಬನ ತಲೆ ಇದೆ, ನೋಡಿ ಹೇಳು."

"ಹೌದು ಒಡೆಯರೇ," ಎಂದೆ.

ಸಾಲೇ ನನ್ನನ್ನೇ ನೋಡುತ್ತಿದ್ದ. "ಅನ್ನಾಮಿನವರು ನನ್ನ ಅಜ್ಜನ ಊರು ಸುಟ್ಟು ನಮ್ಮನ್ನ ಓಡಿಸಿದೋರು, ಒಡೆಯರೇ," ಎಂದ. "ಅವರಿಗೆ ಹಡಗು ಮುಳುಗಿಸಿ ಕೊಡ್ತೀನಾ? ಮುಳುಗಿದ್ರೆ ನಾನೇನು ಮೀನಾ?"

"ಅದನ್ನ ಚಂತಬೂರಿ ದೊರೆ ಮುಂದೆ ಹೇಳ್ಕೋ."

ಅರಸರ ಹಡಗಿಗೆ ದ್ರೋಹ ಮಾಡಿದವನಿಗೆ ದೊರೆ ಏನು ಕೊಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಮಂಡಿಯೂರಿಸಿ ಕೂರಿಸಿ, ಕಿವಿಗೆ ಜೇಡಿಮಣ್ಣು ತುಂಬಿ, ಕತ್ತಿ. ಸಾಲೇಯನ್ನು ನಡುಗಂಬಕ್ಕೆ ಸರಪಳಿ ಹಾಕಿ ಬಿಗಿದರು. ಹೇಗೂ ಹಡಗು ದುರಸ್ತಿಗೆ ಹೋಗಲೇಬೇಕಿತ್ತು. ಜಾಗ ಬಿಟ್ಟು, ನೀರು ಎತ್ತಿ ಚೆಲ್ಲುತ್ತ, ಚಂತಬೂರಿಗೆ ಹಾಯಿ ಬಿಚ್ಚಿದೆವು. ನಾಲ್ಕು ದಿನದ ದಾರಿ.

ಈಗ ನೀವು ಕೇಳಬಹುದು: ಬರಿದೇ ಬಿಟ್ಟ ಆ ಗೇಣಗಲ ಜಾಗ ನಿನಗೆ ನೆನಪಾಗಲಿಲ್ಲವೇ, ತೂತು ಇದ್ದದ್ದು ಅದರ ಬೆನ್ನಿಗೇ ಅಲ್ಲವೇ ಎಂದು. ನೆನಪಾಗಲಿಲ್ಲ. ತಾಯಿಯ ಮೈಯಿಂದ ಕೇಡು ಬರುವುದೆಂಬ ಯೋಚನೆಯೇ ನನ್ನ ತಲೆಯೊಳಗೆ ಹೋಗುವಂತಿರಲಿಲ್ಲ. ಆದರೂ ಎಷ್ಟೋ ಸಲ ಕಣ್ಣು ಮುಚ್ಚಿ ಕೂತಾಗ, ನನ್ನೊಳಗಿನ ಒಬ್ಬನಿಗೆ ಅದು ಗೊತ್ತಿತ್ತೇನೋ, ಗೊತ್ತಿದ್ದೇ ಸಾಲೇಯ ಕಡೆ ಬೆರಳು ತೋರಿಸಿದನೇನೋ ಎನ್ನಿಸುತ್ತದೆ. ಬೇರೆಲ್ಲ ಸಂಶಯಗಳೂ ತೀರಿದವು. ಇದು ತೀರಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅವನಿಗೆ ನೀರು ಕೊಡುವ ಸರದಿ ನನಗೆ ಬಂತು.

"ಬಾ ತಮ್ಮ," ಎಂದ. "ಮೊದಲು ನೀನು ಒಂದು ಗುಟುಕು ಕುಡಿ."

"ಯಾಕೆ?"

"ನನಗೂ ಅನುಮಾನ ಬರಬಾರದಾ? ನಿಮಗೊಬ್ಬರಿಗೇ ಗುತ್ತಿಗೆ ಕೊಟ್ಟಿದ್ದಾರಾ?"

ಕುಡಿದೆ. ಆಮೇಲೆ ಅವನು ಗಟಗಟನೆ ಕುಡಿದು, ಗಡ್ಡ ಒರೆಸಿಕೊಂಡ.

"ಒಂದು ಕೇಳ್ತೀನಿ. ಬೈರಿಗೆ ಹೆಂಗೆ ಹೋಗುತ್ತೆ?"

"ನೆಟ್ಟಗೆ."

"ಗಂಟು ಅಡ್ಡ ಬಂದ್ರೆ?"

"ಗಂಟನ್ನೂ ಕೊರೆದು ಹೋಗುತ್ತೆ. ಇಲ್ಲಾ ಮುರಿಯುತ್ತೆ."

"ನೀನು ತೂತಿನ ಬಾಯಿ ಮಾತ್ರ ನೋಡಿದೆ. ಹೊಟ್ಟೆ ನೋಡಲಿಲ್ಲ. ನೋಡಿ ಬಂದು ನನ್ನ ತಲೆ ತೆಗೆಸು. ನನಗೆ ಬೇಜಾರಿಲ್ಲ."

ಅವನು ಸುಳ್ಳನೆಂದು ತೋರಿಸಬೇಕೆಂಬ ಹಟದಲ್ಲೇ ತಳಕ್ಕಿಳಿದೆ. ತೂತಿನ ಪಕ್ಕದ ಮರವನ್ನು ಉಳಿಯಿಂದ ಸೀಳಿದೆ. ತೂತು ಒಂದು ಮೊಳ ನೆಟ್ಟಗೆ ಹೋಗಿತ್ತು, ಅಲ್ಲೊಂದು ಗಂಟು. ಗಂಟಿನ ಹತ್ತಿರ ಬಂದು, ದಾರಿಯಲ್ಲಿ ಹಾವು ಕಂಡ ಎತ್ತಿನಂತೆ ಪಕ್ಕಕ್ಕೆ ಸರಿದು, ಬಳಸಿ, ಮತ್ತೆ ಮುಂದೆ ಹೋಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ಇನ್ನೊಂದು. ಒಂದರ ತುದಿಯಲ್ಲಿ ಬಿಳಿಯ ಉದ್ದನೆಯ ಮೆತ್ತನೆಯ ಜೀವವೊಂದು, ತಲೆಗೆ ಎರಡು ಚಿಪ್ಪು ಕಟ್ಟಿಕೊಂಡು, ಇನ್ನೂ ಉಸಿರಾಡುತ್ತಿತ್ತು. ಸುಣ್ಣ ಮೆತ್ತಿದ್ದು ಅದೇ, ತನ್ನ ಮನೆಯ ಗೋಡೆಗೆ. ಅವೆಲ್ಲ ಹಾದುಬಂದ ದಾರಿ ಮೂತಿಗಂಬದ ಕಡೆಯಿಂದ ಇತ್ತು.

ನದಿಯ ಸಿಹಿನೀರಿನಲ್ಲಿದ್ದ ಮೂರು ವರ್ಷ ಅರಗು ತಡೆದಿತ್ತು. ಒಂಬತ್ತು ತಿಂಗಳ ಉಪ್ಪುನೀರನ್ನು ಅದು ತಡೆಯಲಿಲ್ಲ.

ಮಾತಾಡಿದರೆ ಬೆತ್ತಕ್ಕೆ ಅಪ್ಪನ ಬೆನ್ನು, ನನ್ನ ಬೆನ್ನು, ಬಹುಶಃ ಕತ್ತಿಗೆ ತಲೆ. ಮಾತಾಡದಿದ್ದರೆ ಸಾಲೇ. ಆ ದಿನ ಮಾತಾಡಲಿಲ್ಲ. ಮಾರನೆಯ ದಿನವೂ ಇಲ್ಲ. ಪೆಂಗ್ ಮುದುಕ ಅನ್ನ ಬಡಿಸುತ್ತ, "ಯಾಕೋ ಸಪ್ಪಗಿದ್ದೀಯ? ಕುಂಬಳಕಾಯಿ ಕದ್ದೋನು ಕಂಬಕ್ಕೆ ಕಟ್ಟಿಸ್ಕೊಂಡಿದ್ದಾನೆ, ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?" ಎಂದು ನಕ್ಕ. ನನ್ನ ಕೈ ನಿಜಕ್ಕೂ ಹೆಗಲಿನ ಮೇಲಿತ್ತು.

ನಾಲ್ಕನೆಯ ಬೆಳಿಗ್ಗೆ ಚಂತಬೂರಿಯ ಬೆಟ್ಟ ಕಂಡಿತು. ತಾಯಿಗೆ ಮಲ್ಲಿಗೆ ಮಾಲೆ ಹಾಕುವ ಸರದಿ ಬಡಗಿಯದು. ಹೋಗಿ ಮೂತಿಯ ಮುಂದೆ ಕೂತೆ. ಕಾಪಾಡು ಎಂದು ಬೇಡಲು ಬಾಯಿ ಬರಲಿಲ್ಲ. ಯಾರನ್ನು ಕಾಪಾಡು ಎನ್ನಲಿ? ನನ್ನ ಕೆಳಗೆ, ನೀರಿನೊಳಗೆ, ನಮ್ಮ ಭಕ್ತಿ ಬರಿಮೈಯಲ್ಲಿ ನಿಲ್ಲಿಸಿದ ತಾಯಿಯನ್ನು ಹುಳುಗಳು ತಿನ್ನುತ್ತಿದ್ದವು. ಅವಳು ತಿಂಗಳುಗಟ್ಟಲೆ ಅಳುತ್ತಿದ್ದಳು, ನಾವು ಆ ಕಣ್ಣೀರನ್ನು ಅಳತೆಕೋಲಿನಲ್ಲಿ ಅಳೆದು ಬೇರೊಬ್ಬನ ಹೆಸರು ಹೇಳಿದ್ದೆವು. ಮಾಲೆಯನ್ನು ಅಲ್ಲೇ ಇಟ್ಟು ಎದ್ದು ನಾಯಕರ ಬಳಿ ಹೋದೆ. ಎಲ್ಲವನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ನಕ್ಷೆಯನ್ನು ಮಡಚಿಟ್ಟರು.

"ಮೂರು ದಿನದ ಹಿಂದೆ ಹೌದು ಅಂದ ಬಾಯಿ ಇದು. ಇವತ್ತು ಅಲ್ಲ ಅನ್ನುತ್ತೆ. ಯಾವುದನ್ನ ನಂಬಲಿ?"

"ಹುಳ ತೋರಿಸ್ತೀನಿ ಒಡೆಯರೇ."

"ಸಮುದ್ರದಲ್ಲಿ ತೇಲೋ ಕೊರಡಿನಲ್ಲೂ ಹುಳ ಇರುತ್ತೆ. ಇಬ್ಬರೂ ಮೊದಲಿಂದ ಜೊತೆಗಾರರೇ. ಅವನು ಸಿಕ್ಕಿಬಿದ್ದ, ನೀನು ಬಿಡಿಸೋಕೆ ಕಥೆ ಕಟ್ಟಿದೆ. ಹಂಗೂ ಇರಬಹುದಲ್ಲ?"

"ಕಥೆ ಕಟ್ಟೋನು ನಮ್ಮಪ್ಪನ ಹೆಸರು ಹಾಕಿ ಕಟ್ಟುತ್ತಾನಾ?"

ಆ ಮಾತು ಅವರನ್ನು ತಾಕಿದಂತೆ ಕಂಡಿತು. ಆದರೂ ನನ್ನನ್ನೂ ಸಾಲೇಯ ಪಕ್ಕಕ್ಕೆ ಬಿಗಿಸಿದರು. "ಹಡಗಿನ ಮೂತಿ ಕೆಸರಿಗೇರಿಸಿ. ಇಳಿತದಲ್ಲಿ ನೋಡ್ತೀನಿ. ಆ ಜಾಗದಲ್ಲಿ ತಗಡಿದ್ರೆ ಎರಡು ತಲೆ ಹೋಗುತ್ತೆ," ಎಂದರು.

ಸರಪಳಿಯಲ್ಲಿ ಸಾಲೇ ನನ್ನ ಕಡೆ ನೋಡಲಿಲ್ಲ. "ಎರಡು ದಿನ ಸುಮ್ನಿದ್ದೆಯಲ್ಲೋ," ಎಂದ, ಅಷ್ಟೇ.

ಭರತದಲ್ಲಿ ಸಾಗರಕೇತುವನ್ನು ನದಿಯ ಬಾಯಿಯ ಕೆಸರುದಿಬ್ಬಕ್ಕೆ ಏರಿಸಿದರು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ನೀರು ಹಿಂದೆ ಸರಿದು ಮೂತಿ ಬುಡದವರೆಗೂ ಬಯಲಾಯಿತು. ಹಡಗುಕಟ್ಟೆಯ ಜನವೆಲ್ಲ ಕೂಡಿತ್ತು. ನಮ್ಮಿಬ್ಬರನ್ನು ಇಳಿಸಿ ನಿಲ್ಲಿಸಿದರು. ನಾಯಕರು ಮೊಣಕಾಲುದ್ದ ಕೆಸರಿನಲ್ಲಿ ನಡೆದು ಹೋಗಿ, ಕಂಬಕ್ಕೆ ಹತ್ತಿದ್ದ ಪಾಚಿಯನ್ನು ಕತ್ತಿಯ ಬೆನ್ನಿನಿಂದ ಒರೆಸಿದರು. ಕೆಂಪಗೆ ಹೊಳೆಯಿತು. ಸಾಲಾಗಿ ಮೊಳೆಯ ತಲೆಗಳು.

"ತಾಮ್ರ ಇದೆಯಲ್ಲೋ!" ಎಂದು ಕೂಗಿದರು.

ಅಪ್ಪನ ಕುಂಚ ಅಷ್ಟು ಚೆನ್ನಾಗಿತ್ತು. ಅಲ್ಲಲ್ಲಿ ಸೂಜಿಯ ತುದಿಯಷ್ಟು ಚುಕ್ಕೆಗಳಿದ್ದವು, ಅಷ್ಟೇ. ಈ ಹುಳು ಹೊರಗೆ ಬಾಗಿಲನ್ನು ಅಷ್ಟು ಚಿಕ್ಕದಾಗಿಟ್ಟು ಒಳಗೆ ಅರಮನೆ ಕಟ್ಟುತ್ತದೆ.

ಜನರ ನಡುವಿನಿಂದ ಒಂದು ಊರುಗೋಲು ದಾರಿ ಮಾಡಿಕೊಂಡು ಬಂತು. ಅಪ್ಪ. ಬೆನ್ನು ಬಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ನನ್ನ ಸರಪಳಿಯನ್ನು ಮುಟ್ಟಿ ನೋಡಿದ. ಯಾರೂ ಅವನಿಗೆ ಏನೂ ಹೇಳಬೇಕಾಗಲಿಲ್ಲ. ಕೆಸರಿಗಿಳಿದು, ಮೂತಿಗಂಬಕ್ಕೆ ಹಣೆ ಹಚ್ಚಿ, ತುಟಿಯಲ್ಲೇ ಏನೋ ಬೇಡಿಕೊಂಡು, ಊರುಗೋಲಿನ ತುದಿಯನ್ನು ತಾನೇ ಬರೆದ ಮೊಳೆಯೊಂದರ ಮೇಲೆ ಇಟ್ಟು ಒತ್ತಿದ. ಕೋಲು ಮೊಳದುದ್ದ ಒಳಗೆ ಹೋಯಿತು. ಹಿಂದಕ್ಕೆಳೆದಾಗ ಜೇನುಹಟ್ಟಿಯಂತೆ ಮರ ಉದುರಿ, ಬಿಳಿ ಹುಳುಗಳು ಕೆಸರಿಗೆ ಬಿದ್ದವು.

"ಅವನಲ್ಲ ಒಡೆಯರೇ, ನನ್ನ ಮಗನೂ ಅಲ್ಲ," ಎಂದ. "ಬಣ್ಣ ನಂದು."

ನಾಯಕರು ಸಾಲೇಯ ಸರಪಳಿಯನ್ನು ತಮ್ಮ ಕೈಯಾರೆ ಬಿಚ್ಚಿದರು. ಅಪ್ಪನ ಮೇಲೆ ಬೆತ್ತ ಎತ್ತುವುದಕ್ಕೆ ಅವರಿಗೆ ಮನಸ್ಸಾಗಲಿಲ್ಲ. ಅವನ ಪಾಲನ್ನೂ ಸೇರಿಸಿ ಅರವತ್ತು ಏಟು ನನಗೆ ಬಿದ್ದವು. ಅದು ಸರಿಯೇ.

ಕೊಳೆತ ಮರ ಕೆತ್ತಿ ಹೊಸದು ಕೂಡಿಸಲು ಒಂದೂವರೆ ತಿಂಗಳು ಹಿಡಿಯಿತು. ಕೊನೆಗೆ ತಗಡು ಬಂತು. ಕಂಬದ ಮುಂದೆ ಸುತ್ತಿಗೆ ಹಿಡಿದು ಏಳೆಂಟು ಬಡಗಿಗಳು ನಿಂತೆವು. ಒಬ್ಬರ ಕೈಯೂ ಏಳಲಿಲ್ಲ. ನಾಯಕರು ಬೈದರು. ಪೆಂಗ್ ಮುದುಕ ಮೆಲ್ಲನೆ, "ಸಾಲೇ ಹೊಡೀಲಿ. ಅವನಿಗೆ ದೋಷ ತಟ್ಟಲ್ಲ," ಎಂದ.

ಪಕ್ಕದಲ್ಲಿ ರಾಳ ಕಾಯಿಸುತ್ತಿದ್ದ ಸಾಲೇ ತಲೆಯೆತ್ತಿದ. "ನೀರು ಬಂದ್ರೂ ನಾನೇ, ಮೊಳೆಗೂ ನಾನೇನಾ ಅಜ್ಜ? ನಿಮ್ಮ ತಾಯಿ, ನೀವೇ ನೋಡ್ಕೊಳ್ಳಿ." ಸ್ವಲ್ಪ ಹೊತ್ತು ಎಣ್ಣೆ ಕಲಕಿ, ಅಪ್ಪನ ಕಡೆ ತಿರುಗಿದ. "ಮೇಸ್ತ್ರಿಗಳೇ, ನನ್ನ ಹೆಂಡತಿ ನೇಯ್ದ ರೇಷ್ಮೆ ಪ್ರತಿ ವರ್ಷ ಆಕೆಗೆ ಉಡಿಸ್ತೀರಿ. ಮೇಲೆ ರೇಷ್ಮೆ, ನೀರೊಳಗೆ ಬೆತ್ತಲೆ. ಬಟ್ಟೆ ಹೊಲಿಯೋವಾಗ ಸೂಜಿ ಚುಚ್ಚಲ್ವಾ?"

ಅಪ್ಪ ಕಂಬಕ್ಕೆ ಕೈಮುಗಿದ. ಆಮೇಲೆ ಸುತ್ತಿಗೆಗೆ ಕೈ ಚಾಚಿದ. ತಗಡನ್ನು ನಾನು ಹಿಡಿದೆ. ಬೆನ್ನಿನ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಪ್ರತಿ ಮೊಳೆಗೂ ಮೊದಲು ಅವನು ಕ್ಷಮೆ ಬೇಡಿದ, ಆಮೇಲೆ ಹೊಡೆದ. ಇನ್ನೂರ ಹನ್ನೆರಡು ಮೊಳೆ. ಸಂಜೆಯವರೆಗೂ ಆಯಿತು. ಮಳೆಗಾಲ ಮುಗಿಯುವ ಮುನ್ನ ಅವನು ತೀರಿಕೊಂಡ.

ಸಾಗರಕೇತು ಅದಾದ ಮೇಲೆ ಇಪ್ಪತ್ತೆರಡು ವರ್ಷ ನಡೆಯಿತು. ಯುದ್ಧದ ಕೊನೆಯವರೆಗೂ ದಂಡು ಹೊತ್ತಿತು, ಕಡಲ್ಗಳ್ಳರನ್ನು ಹಿಡಿಯಿತು, ಸಿಂಗಾಪುರಕ್ಕೆ ಸಕ್ಕರೆ ಹೊತ್ತದ್ದೂ ಉಂಟು. ಆಮೇಲೆ ಹೊಗೆ ಉಗುಳುವ ಹಡಗುಗಳು ಬಂದವು. ಇದರ ಪಟಗಂಬ ಕಿತ್ತು ನದಿಯ ಬಾಯಲ್ಲಿ ಮದ್ದಿನ ಉಗ್ರಾಣ ಮಾಡಿದರು. ಆ ಇಪ್ಪತ್ತೆರಡು ವರ್ಷವೂ ಸಾಲೇ ಅದರಲ್ಲೇ ಇದ್ದ, ನಾನೂ ಇದ್ದೆ. ನಾನು ಯಾವ ಹಲಗೆ ಕೂಡಿಸಿದರೂ ಅವನು ಹಿಂದೆಯೇ ಬಂದು ಬೆರಳಿನಿಂದ ತಟ್ಟಿ ನೋಡುತ್ತಿದ್ದ. ನಾನು ಕೊಟ್ಟ ನೀರನ್ನು, ನಾನು ಮೊದಲು ಕುಡಿಯದೆ, ಒಂದು ದಿನವೂ ಕುಡಿಯಲಿಲ್ಲ. ಬರಬರುತ್ತ ಅದು ನಮ್ಮಿಬ್ಬರ ನಡುವೆ ಊಟಕ್ಕೆ ಮುಂಚೆ ಕೈ ತೊಳೆಯುವಂಥ ಅಭ್ಯಾಸವಾಯಿತು.

ಹಡಗು ಒಡೆಯುವ ದಿನ ಇಬ್ಬರೂ ಹೋದೆವು. ಅವನಿಗೆ ಆಗ ಎಪ್ಪತ್ತು ದಾಟಿತ್ತು. ಮೂತಿಗಂಬದ ತಾಮ್ರ ಕಿತ್ತಾಗ ಒಳಗಿನ ಮರ, ಅಪ್ಪ ಮೊಳೆ ಹೊಡೆದ ದಿನ ಹೇಗಿತ್ತೋ ಹಾಗೇ ಇತ್ತು. ಒಂದು ಚುಕ್ಕೆಯಿಲ್ಲ. ನಾನು ಕೈಮುಗಿದೆ.

"ಹುಳ ಇಲ್ಲ, ಸಾಲೇ ಅಣ್ಣ," ಎಂದೆ.

ಅವನು ಮಬ್ಬುಗಣ್ಣು ಕಿರಿದು ಮಾಡಿ, ತನ್ನ ಹಳೆಯ ಬೈರಿಗೆಯನ್ನು ಸೊಂಟದ ಚೀಲದಿಂದ ತೆಗೆದು ನನ್ನ ಕೈಗಿಟ್ಟ.

"ಬಾಯಿ ಮಾತ್ರ ನೋಡಿ ಹೇಳಬೇಡ," ಎಂದ. "ಒಳಗೂ ನೋಡು."

ತಾಯಿಯ ಕ್ಷಮೆ ಬೇಡಿ, ಕೊರೆದು ನೋಡಿದೆ. ಬೈರಿಗೆಯ ತುದಿಯಲ್ಲಿ ಬಂದದ್ದು ಕೆಂಪಗಿನ ಗಟ್ಟಿ ಮರದ ಹೊಟ್ಟು. ಅಂಗೈಯಲ್ಲಿ ಹಿಡಿದು ಅವನ ಮುಂದೆ ಚಾಚಿದೆ. ಅವನು ಮುಟ್ಟಿ ನೋಡಿದ, ಮೂಸಿ ನೋಡಿದ. ಆಮೇಲೆ ಪಕ್ಕದಲ್ಲಿ ನಾನಿಟ್ಟಿದ್ದ ನೀರಿನ ಚೊಂಬನ್ನು ಎತ್ತಿಕೊಂಡು, ಮೊದಲು ನೀನು ಕುಡಿ ಎನ್ನದೆ, ಕುಡಿದ.